ಸಾವರಿನ್ ಮತ್ತು ಹೈಬ್ರಿಡ್ ಕ್ಲೌಡ್ ಕೆಲಸಕ್ಕೆ ಕೈ ಪಳಗಿಸೋದು ಹೇಗೆ? ಎಲ್ಲಿಂದ ಶುರು ಮಾಡಲಿ?

ಹೊಸಚಿಗುರು:

ಎಲ್ಲರಿಗೂ ನಮಸ್ಕಾರ. ನಾನು ಲಿನಕ್ಸ್ ಸರ್ವರ್ ಮತ್ತು ವಿಎಂವೇರ್ (ಒಂದು ಸರ್ವರ್‌ನಲ್ಲಿ ಹಲವು ವರ್ಚುವಲ್ ಯಂತ್ರ, ಅಂದರೆ ವಿಎಂ, ಓಡಿಸುವ ಸಾಫ್ಟ್‌ವೇರ್) ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಪಬ್ಲಿಕ್ ಕ್ಲೌಡ್‌ನ ಒಂದು ಶುರುವಿನ ಮಟ್ಟದ ಸರ್ಟಿಫಿಕೇಟ್ ಇದೆ. ಈಚೆಗೆ ನಮ್ಮ ತಂಡಕ್ಕೆ ಬರುವ ಕೆಲಸದ ರೀತಿಯೇ ಬದಲಾಗಿದೆ. ಡೇಟಾ ದೇಶದ ಒಳಗೇ ಇರಬೇಕು, ಅದಕ್ಕೆ ಬೀಗ ಹಾಕುವ ಎನ್‌ಕ್ರಿಪ್ಶನ್ ಕೀ ನಮ್ಮ ಹತ್ತಿರವೇ ಇರಬೇಕು, ಅರ್ಧ ನಮ್ಮ ಡೇಟಾ ಸೆಂಟರ್‌ನಲ್ಲಿ ಓಡಬೇಕು, ಇನ್ನರ್ಧ ಕ್ಲೌಡ್‌ನಲ್ಲಿ ಓಡಬೇಕು ಅಂತ ಕೇಳುತ್ತಾರೆ.

ಡೇಟಾ ಮತ್ತು ಅದರ ಹಿಡಿತ ನಮ್ಮ ಕೈಯಲ್ಲೇ ಇರುವ ಸಾವರಿನ್ ಕ್ಲೌಡ್ ಅಂತ ಹುಡುಕಿದರೆ ಕಂಪನಿಗಳ ಜಾಹೀರಾತೇ ಜಾಸ್ತಿ. ಎಲ್ಲರೂ ತಮ್ಮದೇ ಸಾವರಿನ್ ಅನ್ನುತ್ತಾರೆ. ಹಾಗಾಗಿ ಕೆಲಸ ಮಾಡುತ್ತಿರುವವರನ್ನೇ ಕೇಳೋಣ ಅನ್ನಿಸಿತು. ಮೊದಲು ಏನು ಕಲಿಯಲಿ? ಯಾವ ಸರ್ಟಿಫಿಕೇಟ್‌ಗೆ ಬೆಲೆ ಇದೆ? ಕಾನೂನು ಎಷ್ಟು ಗೊತ್ತಿರಬೇಕು? ದೊಡ್ಡ ಹಾರ್ಡ್‌ವೇರ್ ಇಲ್ಲದೆ ಅಭ್ಯಾಸ ಮಾಡೋಕೆ ಆಗುತ್ತಾ?

ಕೀಲಿಕೈ:

ಒಳ್ಳೆ ಪ್ರಶ್ನೆ. ಪ್ರಾಡಕ್ಟ್‌ಗಳ ಹೆಸರನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ಯಾವ ಸಿಸ್ಟಂ ಕಂಡರೂ ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಡೇಟಾ ಎಲ್ಲಿ ಕೂತಿದೆ? ಅದನ್ನು ನಡೆಸುವವರು ಯಾರು? ಆ ನಡೆಸುವವರ ಮೇಲೆ ಯಾವ ದೇಶದ ಕಾನೂನಿನ ಕೈ ಇದೆ? ಹೆಚ್ಚಿನವರು ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ನಿಲ್ಲಿಸಿಬಿಡುತ್ತಾರೆ. ಕ್ಲೌಡ್‌ನ ರೀಜನ್, ಅಂದರೆ ಡೇಟಾ ಸೆಂಟರ್‌ಗಳ ಗುಂಪು, ನಮ್ಮ ದೇಶದಲ್ಲೇ ಇದೆಯಲ್ಲ, ಮುಗೀತು ಅನ್ನುತ್ತಾರೆ. ಅದು ಡೇಟಾ ಇರುವ ಜಾಗದ ಮಾತು ಅಷ್ಟೇ. ಹಿಡಿತ ಯಾರದು ಅನ್ನೋದು ಬೇರೆ ಮಾತು.

ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ತಿಳಿಯೋಕೆ ಒಂದು ಕೇಸ್ ಓದಿ. 2013ರಲ್ಲಿ ಅಮೆರಿಕದ ಕೋರ್ಟೊಂದು ಒಬ್ಬರ ಈಮೇಲ್ ಕೊಡಿ ಅಂತ ಮೈಕ್ರೋಸಾಫ್ಟ್‌ಗೆ ವಾರಂಟ್ ಕೊಟ್ಟಿತು. ಆ ಈಮೇಲ್ ಇದ್ದದ್ದು ಐರ್ಲೆಂಡಿನ ಡಬ್ಲಿನ್ ಡೇಟಾ ಸೆಂಟರ್‌ನಲ್ಲಿ. ಕಂಪನಿ ಒಪ್ಪಲಿಲ್ಲ. ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯಿತು. ತೀರ್ಪು ಬರುವ ಮೊದಲೇ, 2018ರ ಮಾರ್ಚ್‌ನಲ್ಲಿ, ಕ್ಲೌಡ್ ಆಕ್ಟ್ ಅನ್ನೋ ಕಾನೂನು ಬಂತು. ಅಮೆರಿಕದ ಕಾನೂನಿಗೆ ಒಳಪಡುವ ಕಂಪನಿಯ ಹಿಡಿತದಲ್ಲಿರುವ ಡೇಟಾ ಯಾವ ದೇಶದಲ್ಲೇ ಇರಲಿ, ಸರಿಯಾದ ಆದೇಶ ಬಂದರೆ ಕೊಡಬೇಕು ಅಂತ ಅದು ಹೇಳುತ್ತದೆ. 2025ರ ಜೂನ್‌ನಲ್ಲಿ ಫ್ರಾನ್ಸ್ ಸೆನೆಟ್‌ನ ವಿಚಾರಣೆಯಲ್ಲಿ ಮೈಕ್ರೋಸಾಫ್ಟ್ ಫ್ರಾನ್ಸ್‌ನ ಅಧಿಕಾರಿಗೆ ನೇರವಾಗಿ ಕೇಳಿದರು: ಫ್ರಾನ್ಸ್ ಒಪ್ಪಿಗೆ ಇಲ್ಲದೆ ಡೇಟಾ ಆಚೆ ಹೋಗೋದಿಲ್ಲ ಅಂತ ಖಾತ್ರಿ ಕೊಡ್ತೀರಾ? ಪ್ರಮಾಣ ಮಾಡಿ ಮಾತಾಡುತ್ತಿದ್ದ ಅವರು ಖಾತ್ರಿ ಕೊಡೋಕೆ ಆಗಲ್ಲ ಅಂದರು. ಅಂಥ ಪ್ರಸಂಗ ಆ ತನಕ ಬಂದಿಲ್ಲ ಅಂತಲೂ ಹೇಳಿದರು. ಎರಡೂ ಮಾತು ನೆನಪಿರಲಿ.

ಈಗ ಕೀ ವಿಷಯಕ್ಕೆ ಬರೋಣ. ಅಲ್ಲೇ ನಿಮ್ಮ ತಾಂತ್ರಿಕ ಕೆಲಸ ಶುರುವಾಗೋದು. ನಾವೇ ಕೀ ತಂದು ಹಾಕ್ತೀವಿ ಅನ್ನೋ ಬಿವೈಒಕೆ ಪದ್ಧತಿಯಲ್ಲಿ ಕೀ ತಯಾರಿಸೋದು ನಾವು. ಆದರೆ ಅದನ್ನು ಕ್ಲೌಡ್ ಕಂಪನಿಯ ಕೀ ನಿರ್ವಹಣಾ ಸೇವೆಯ (ಕೆಎಂಎಸ್) ಒಳಗೇ ಇಡುತ್ತೇವೆ. ಅಲ್ಲಿಂದ ಮುಂದೆ ಎನ್‌ಕ್ರಿಪ್ಟ್, ಡಿಕ್ರಿಪ್ಟ್ ಎಲ್ಲ ಅವರ ಯಂತ್ರದಲ್ಲೇ ನಡೆಯುತ್ತದೆ. ಕೀ ನಮ್ಮಲ್ಲೇ ಇಟ್ಟುಕೊಳ್ಳುವ ಎಚ್‌ವೈಒಕೆ ಅಥವಾ ಎಕ್ಸ್‌ಟರ್ನಲ್ ಕೀ ಮ್ಯಾನೇಜರ್ ಪದ್ಧತಿಯಲ್ಲಿ ಕೀ ನಮ್ಮ ಎಚ್‌ಎಸ್‌ಎಂ (ಕೀ ಕಾಯುವ ಭದ್ರ ಯಂತ್ರ) ಬಿಟ್ಟು ಕದಲೋದೇ ಇಲ್ಲ. ಡೇಟಾಕ್ಕೆ ಬೀಗ ಹಾಕಿದ ಕೀಯನ್ನು ಬಿಚ್ಚಬೇಕಾದಾಗ ಕ್ಲೌಡ್ ನಮ್ಮ ಕಡೆ ಬಂದು ಕೇಳಬೇಕು.

ಎರಡನೆಯದೇ ಒಳ್ಳೇದು ಅಂತ ಅನ್ನಿಸುತ್ತೆ ಅಲ್ವಾ? ಆದರೆ ಅದರ ಭಾರವೂ ನಮ್ಮ ಮೇಲೇ ಬೀಳುತ್ತದೆ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್ 2022ರಲ್ಲಿ ತಂದ ಇಂಥದೇ ವ್ಯವಸ್ಥೆ ಎಕ್ಸ್‌ಕೆಎಸ್‌ನಲ್ಲಿ ನಮ್ಮ ಕಡೆಯ ಪ್ರಾಕ್ಸಿ (ಕೋರಿಕೆ ದಾಟಿಸುವ ಮಧ್ಯವರ್ತಿ ಸರ್ವರ್) 250 ಮಿಲಿಸೆಕೆಂಡ್ ಒಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಆ ಕೋರಿಕೆ ವಿಫಲ. ನಮ್ಮ ಎಚ್‌ಎಸ್‌ಎಂ ಬಿದ್ದರೆ ಕ್ಲೌಡ್‌ನಲ್ಲಿರುವ ನಮ್ಮ ಡೇಟಾ ನಮಗೇ ಓದೋಕೆ ಬರಲ್ಲ. ಕೀ ಕಳೆದುಹೋದರೆ ಡೇಟಾ ಪೂರ್ತಿ ಹೋದ ಹಾಗೆ. ಹಗಲು ರಾತ್ರಿ ಅದನ್ನು ನೋಡಿಕೊಳ್ಳುವ ತಂಡ ಇದೆಯಾ ಅಂತ ಮೊದಲೇ ಕೇಳುವ ಎಂಜಿನಿಯರ್ ನೀವಾಗಬೇಕು.

ಇನ್ನೊಂದು ಮಾತು. ಕೀ ಎಲ್ಲೇ ಇರಲಿ, ಲೆಕ್ಕ ಹಾಕುವ ಹೊತ್ತಿಗೆ ಡೇಟಾ ಮೆಮೊರಿಯಲ್ಲಿ ತೆರೆದೇ ಇರುತ್ತದೆ. ಆ ಸಂದು ಮುಚ್ಚೋಕೆ ಮೆಮೊರಿಯನ್ನೂ ಚಿಪ್ ಮಟ್ಟದಲ್ಲೇ ರಕ್ಷಿಸುವ ಕಾನ್ಫಿಡೆನ್ಶಿಯಲ್ ಕಂಪ್ಯೂಟಿಂಗ್ ಬಂದಿದೆ. ಎಎಂಡಿಯ ಎಸ್‌ಇವಿ-ಎಸ್‌ಎನ್‌ಪಿ, ಇಂಟೆಲ್‌ನ ಟಿಡಿಎಕ್ಸ್ ಅಂಥವು. ಅಲ್ಲಿ ಕಲಿಯಬೇಕಾದ ಮುಖ್ಯ ವಿಷಯ ಅಟೆಸ್ಟೇಶನ್. ಈ ವಿಎಂ ನಿಜವಾಗಿಯೂ ರಕ್ಷಿತ ಸ್ಥಿತಿಯಲ್ಲಿ ಓಡುತ್ತಿದೆ ಅಂತ ಚಿಪ್ ಕೊಡುವ ಸಾಕ್ಷಿಯನ್ನು ನೋಡಿದ ಮೇಲಷ್ಟೇ ಕೀ ಬಿಡುಗಡೆ ಮಾಡಬೇಕು. ಸಾಕ್ಷಿಯನ್ನು ಪರೀಕ್ಷೆ ಮಾಡುವವರು ಯಾರು ಅನ್ನೋದನ್ನೂ ಕೇಳಿ. ಅದೂ ಕ್ಲೌಡ್ ಕಂಪನಿಯೇ ಆದರೆ ನಂಬಿಕೆ ಮತ್ತೆ ಅವರ ಮೇಲೇ ಹೋಗಿ ನಿಲ್ಲುತ್ತದೆ.

ಪ್ಯಾಕೆಟ್‌ದಾರಿ:

ಕೀಲಿಕೈ ಅವರು ಸಾವರಿನ್ ಭಾಗ ಹೇಳಿದ್ದಾರೆ. ಹೈಬ್ರಿಡ್ ಭಾಗ ನಾನು ಹೇಳ್ತೀನಿ. ಹೈಬ್ರಿಡ್ ಅಂದರೆ ಮುಕ್ಕಾಲು ಪಾಲು ನೆಟ್‌ವರ್ಕ್. ಎರಡು ಕಡೆ ಇರುವ ಸಿಸ್ಟಂಗಳನ್ನು ಒಂದೇ ಅನ್ನಿಸುವ ಹಾಗೆ ನಡೆಸೋದು ಆ ಕೆಲಸ. ಕ್ಲೌಡ್ ಕೋರ್ಸ್‌ಗಳಲ್ಲಿ ಇದನ್ನು ಒಂದು ಅಧ್ಯಾಯದಲ್ಲಿ ಮುಗಿಸಿಬಿಡುತ್ತಾರೆ. ನಿಜವಾದ ಕೆಲಸದಲ್ಲಿ ಸಮಯ ಹೋಗೋದೇ ಅಲ್ಲಿ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ನಮ್ಮ ಡೇಟಾ ಸೆಂಟರ್‌ಗೂ ಕ್ಲೌಡ್‌ಗೂ ನಡುವೆ ಐಪಿಸೆಕ್ ಟನಲ್, ಅಂದರೆ ಎನ್‌ಕ್ರಿಪ್ಟ್ ಆದ ದಾರಿ, ಹಾಕಿದ್ದೀರಿ. ಪಿಂಗ್ ಹೋಗುತ್ತದೆ. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ. ಆದರೆ ದೊಡ್ಡ ಡೈರೆಕ್ಟರಿ ಪಟ್ಟಿ ಕೇಳಿದ ತಕ್ಷಣ ಪರದೆ ನಿಂತುಬಿಡುತ್ತದೆ. ವೆಬ್ ಸೇವೆ ಕನೆಕ್ಟ್ ಆಗುತ್ತದೆ, ಸುರಕ್ಷಿತ ಸಂಪರ್ಕದ ಟಿಎಲ್‌ಎಸ್ ಮಾತುಕತೆ ಮಧ್ಯದಲ್ಲೇ ಸುಮ್ಮನಾಗುತ್ತದೆ. ಫೈರ್‌ವಾಲ್ ತಂಡ ಎಲ್ಲ ತೆರೆದಿದೆ ಅನ್ನುತ್ತೆ. ಅಪ್ಲಿಕೇಶನ್ ತಂಡ ನೆಟ್‌ವರ್ಕ್ ಸರಿಯಿಲ್ಲ ಅನ್ನುತ್ತೆ.

ಇಲ್ಲಿ ಆಗಿರೋದು ಇಷ್ಟು. ಮಾಮೂಲಿ ಈಥರ್ನೆಟ್‌ನಲ್ಲಿ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1500 ಬೈಟ್. ಟನಲ್ ತನ್ನ ಹೆಡರ್‌ಗಳನ್ನು ಸೇರಿಸುತ್ತದೆ. ಹಾಗಾಗಿ ಒಳಗೆ ಹೋಗುವ ಪ್ಯಾಕೆಟ್‌ಗೆ ಅಷ್ಟು ಜಾಗ ಉಳಿಯೋದಿಲ್ಲ. ಚಿಕ್ಕ ಪ್ಯಾಕೆಟ್ ದಾಟುತ್ತದೆ, ದೊಡ್ಡದು ಬೀಳುತ್ತದೆ. ಗಾತ್ರ ಕಡಿಮೆ ಮಾಡು ಅಂತ ಹೇಳುವ ಐಸಿಎಂಪಿ ಸಂದೇಶವನ್ನು ಮಧ್ಯದಲ್ಲಿ ಯಾರೋ ಭದ್ರತೆಯ ಹೆಸರಲ್ಲಿ ತಡೆದಿರುತ್ತಾರೆ. ಹಾಗಾಗಿ ಕಳಿಸುವವನಿಗೆ ಸುದ್ದಿಯೇ ಮುಟ್ಟಲ್ಲ. ಪತ್ತೆ ಮಾಡೋದು ಸುಲಭ. ತುಂಡು ಮಾಡಬೇಡ ಅನ್ನುವ ಬಿಟ್ ಹಾಕಿ 1472 ಬೈಟ್ ಪಿಂಗ್ ಕಳಿಸಿ. ಅದಕ್ಕೆ ಐಸಿಎಂಪಿ ಹೆಡರ್ 8, ಐಪಿ ಹೆಡರ್ 20 ಸೇರಿದರೆ ಸರಿಯಾಗಿ 1500. ಅದು ಹೋಗದಿದ್ದರೆ ಗಾತ್ರ ಇಳಿಸುತ್ತಾ ಬನ್ನಿ. ಎಲ್ಲಿ ದಾಟುತ್ತದೋ ಅದೇ ಮಿತಿ. ಆಮೇಲೆ ಟನಲ್‌ನ ತುದಿಯಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹೋಗುವ ಡೇಟಾದ ಗರಿಷ್ಠ ಗಾತ್ರ) ಆ ಮಿತಿಗೆ ತಕ್ಕ ಹಾಗೆ ಇಳಿಸಿ, ಬೇಕಾದ ಐಸಿಎಂಪಿಯನ್ನೂ ಹೋಗೋಕೆ ಬಿಡಿ.

ಇದನ್ನು ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಇಟ್ಟುಕೊಂಡು ಸ್ವಂತ ಕಣ್ಣಿಂದ ನೋಡಿದವರು ಯಾವ ಕಂಪನಿಯ ಕ್ಲೌಡ್‌ನಲ್ಲಾದರೂ ಕೆಲಸ ಮಾಡಬಲ್ಲರು.

ಇನ್ನೆರಡು ವಿಷಯ ಬೇಗ ಹೇಳಿಬಿಡ್ತೀನಿ. ಎರಡೂ ಕಡೆ 10.0.0.0/16 ಅಂತ ಒಂದೇ ಐಪಿ ವಿಳಾಸ ಇಟ್ಟುಕೊಂಡರೆ ಜೋಡಿಸುವ ದಿನ ಗೋಳು. ವಿಳಾಸದ ಯೋಜನೆ ಮೊದಲೇ ಆಗಲಿ. ಅಪ್ಲಿಕೇಶನ್ ತುಂಬಿದ ಪೊಟ್ಟಣದಂಥ ಕಂಟೇನರ್‌ಗಳಿಗೆ ತಾನಾಗಿ ಸಿಗುವ 172.17.0.0/16 ಅಂಥವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಒಂದೇ ಹೆಸರು ಒಳಗಿನಿಂದ ಕೇಳಿದರೆ ಒಂದು ಉತ್ತರ, ಹೊರಗಿನಿಂದ ಕೇಳಿದರೆ ಇನ್ನೊಂದು ಉತ್ತರ ಬರುವ ಏರ್ಪಾಟು ಹೈಬ್ರಿಡ್‌ನಲ್ಲಿ ಇದ್ದೇ ಇರುತ್ತದೆ. ಯಾವ ಪ್ರಶ್ನೆ ಯಾವ ಸರ್ವರ್‌ಗೆ ಹೋಗುತ್ತದೆ ಅಂತ ಬರೆದು ತೋರಿಸೋಕೆ ಬರಬೇಕು.

ಹೊಸಚಿಗುರು:

ಇಬ್ಬರಿಗೂ ಧನ್ಯವಾದ. ಎಂಟಿಯು ವಿವರಣೆ ಓದಿ ನಮ್ಮಲ್ಲಿ ಬಹಳ ದಿನದಿಂದ ತೆರೆದೇ ಇರುವ ಒಂದು ದೂರಿನ ಟಿಕೆಟ್ ನೆನಪಾಯಿತು. ನಾಳೆಯೇ ಪರೀಕ್ಷೆ ಮಾಡ್ತೀನಿ.

ಒಂದು ಅನುಮಾನ. ಇಷ್ಟೆಲ್ಲ ತಲೆನೋವು ಇರುವಾಗ, ಪೂರ್ತಿ ನಮ್ಮದೇ ಡೇಟಾ ಸೆಂಟರ್‌ನಲ್ಲಿ ಇಟ್ಟರೆ ಸಾವರಿನ್ ಆಗಿಬಿಡುತ್ತಲ್ಲ?

ಸ್ಟೋರೇಜ್‌ಮೂಲೆ:

ಹಿಡಿತ ನಿಮ್ಮದಾಗುತ್ತದೆ. ಡೇಟಾ ಉಳಿಯುತ್ತೆ ಅಂತ ಅರ್ಥ ಅಲ್ಲ.

ದಕ್ಷಿಣ ಕೊರಿಯಾದಲ್ಲಿ ಆದದ್ದನ್ನು ಈ ಕ್ಷೇತ್ರಕ್ಕೆ ಬರುವ ಪ್ರತಿಯೊಬ್ಬರೂ ಓದಬೇಕು. 2025ರ ಸೆಪ್ಟೆಂಬರ್ 26ರಂದು ಡೇಜಾನ್‌ನಲ್ಲಿರುವ ಸರ್ಕಾರದ ರಾಷ್ಟ್ರೀಯ ಡೇಟಾ ಸೆಂಟರ್‌ನಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. 600ಕ್ಕೂ ಹೆಚ್ಚು ಸರ್ಕಾರಿ ಸಿಸ್ಟಂ ನಿಂತುಹೋದವು. ಸರ್ಕಾರಿ ನೌಕರರು ಕಡತ ಇಟ್ಟುಕೊಳ್ಳುತ್ತಿದ್ದ ಜಿ-ಡ್ರೈವ್ ಅನ್ನುವ ಸ್ಟೋರೇಜ್ ಸುಟ್ಟುಹೋಯಿತು. ಅದರಲ್ಲಿ ಇದ್ದದ್ದು 858 ಟೆರಾಬೈಟ್. ಹೊರಗೆ ಬ್ಯಾಕಪ್ ಇರಲಿಲ್ಲ. ಗಾತ್ರ ತುಂಬಾ ದೊಡ್ಡದು, ಹಾಗಾಗಿ ಬ್ಯಾಕಪ್ ಮಾಡಲಾಗಲಿಲ್ಲ ಅನ್ನೋದು ಅಲ್ಲಿ ಬಂದ ವಿವರಣೆ. ಕಟ್ಟಡ ಅವರದೇ, ಸ್ಟೋರೇಜ್ ಅವರದೇ, ಜನ ಅವರದೇ. ಸಾವರಿನ್ ಅನ್ನೋಕೆ ಇನ್ನೇನು ಬೇಕು? ಡೇಟಾ ಮಾತ್ರ ಹೋಯಿತು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನುವ ಕ್ಲೌಡ್ ಕಂಪನಿಯ ಎಸ್‌ಬಿಜಿ2 ಕಟ್ಟಡ ಪೂರ್ತಿ ಸುಟ್ಟಾಗಲೂ ಹೀಗೇ. ಕೆಲವು ಗ್ರಾಹಕರ ಬ್ಯಾಕಪ್ ಅದೇ ಆವರಣದಲ್ಲಿತ್ತು.

ಹಾಗಾಗಿ ನನ್ನ ಸಲಹೆ ಒಂದೇ. ರಿಸ್ಟೋರ್, ಅಂದರೆ ಬ್ಯಾಕಪ್‌ನಿಂದ ಮತ್ತೆ ಮೇಲೆಬ್ಬಿಸೋದು, ಕಲಿಯಿರಿ. ಬ್ಯಾಕಪ್ ಕೆಲಸ ಹಸಿರು ಬಣ್ಣ ತೋರಿಸೋದನ್ನು ನೋಡಿ ಸಮಾಧಾನ ಪಡಬೇಡಿ. ಬೇರೆ ಯಂತ್ರದಲ್ಲಿ, ಬೇರೆ ಜಾಗದಲ್ಲಿ, ಹಳೆಯ ಸಿಸ್ಟಂ ಇಲ್ಲವೇ ಇಲ್ಲ ಅಂದುಕೊಂಡು ಮೇಲೆಬ್ಬಿಸಿ. ಎಷ್ಟು ಹೊತ್ತು ಹಿಡಿಯಿತು ಬರೆದುಕೊಳ್ಳಿ. ಅದು ನಿಮ್ಮ ನಿಜವಾದ ಆರ್‌ಟಿಒ, ಅಂದರೆ ಮತ್ತೆ ಮೇಲೇಳೋಕೆ ಬೇಕಾದ ಸಮಯ. ಕಾಗದದ ಮೇಲಿರೋದು ಬರೀ ಆಸೆ. ರಿಸ್ಟೋರ್ ಮಾಡುವಾಗ ಬ್ಯಾಕಪ್‌ನ ಎನ್‌ಕ್ರಿಪ್ಶನ್ ಕೀ ಎಲ್ಲಿತ್ತು ಅಂತಲೂ ನೋಡಿ. ಸುಟ್ಟ ಕಟ್ಟಡದಲ್ಲೇ ಇದ್ದಿದ್ದರೆ?

ಮೂರುರೀಜನ್:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಸರ ಮಾಡಿಕೊಳ್ಳಬೇಡಿ. ಸಾವರಿನ್ ಅನ್ನೋ ಹೆಸರಲ್ಲಿ ಎಲ್ಲವನ್ನೂ ಸ್ವಂತವಾಗಿ ಕಟ್ಟೋಕೆ ಹೊರಟ ತಂಡಗಳನ್ನು ನೋಡಿದ್ದೀನಿ. ಪ್ಯಾಚ್ ಹಾಕೋಕೆ ಜನ ಇರಲ್ಲ. ಲಾಗ್ ನೋಡುವವರು ಇರಲ್ಲ. ದೊಡ್ಡ ಕ್ಲೌಡ್ ಕಂಪನಿಗಳ ಭದ್ರತಾ ತಂಡದ ಮಟ್ಟಕ್ಕೆ ಸಾಮಾನ್ಯ ಸಂಸ್ಥೆ ಬರೋದು ಬಹಳ ಕಷ್ಟ. ಕೆಲಸದ ಅವಕಾಶಗಳೂ ಹೆಚ್ಚಾಗಿ ಆ ಮೂರು ನಾಲ್ಕು ಕ್ಲೌಡ್‌ಗಳ ಸುತ್ತಲೇ ಇವೆ. ಹೊಸಬರು ಒಂದನ್ನು ಆಳವಾಗಿ ಕಲಿಯಲಿ. ಈಗ ಆ ಕಂಪನಿಗಳೇ ಸಾವರಿನ್ ಸೇವೆ ತರುತ್ತಿವೆ. ಎಡಬ್ಲ್ಯೂಎಸ್ 2023ರಲ್ಲಿ ಯುರೋಪಿನ ಸಾವರಿನ್ ಕ್ಲೌಡ್ ಘೋಷಿಸಿತು, ಮೊದಲ ರೀಜನ್‌ಗೆ ಜರ್ಮನಿಯ ಬ್ರಾಂಡೆನ್‌ಬರ್ಗ್ ಆರಿಸಿಕೊಂಡಿತು. ಗೂಗಲ್‌ನ ಡಿಸ್ಟ್ರಿಬ್ಯೂಟೆಡ್ ಕ್ಲೌಡ್‌ನ ಒಂದು ಬಗೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ನಮ್ಮ ಜಾಗದಲ್ಲೇ ಓಡುವ, ಮೈಕ್ರೋಸಾಫ್ಟ್‌ನ ಅಜೂರ್ ಲೋಕಲ್ ಇದೆ.

ಇನ್ನೂ ಒಂದು. ಎಲ್ಲ ಡೇಟಾಕ್ಕೂ ಸಾವರಿನ್ ಬೇಕಾಗಿಲ್ಲ. ಜನರ ಆರೋಗ್ಯದ ದಾಖಲೆ ಬೇರೆ, ಸಂಸ್ಥೆಯ ಪ್ರಚಾರದ ಚಿತ್ರ ಬೇರೆ. ವಿಂಗಡಣೆ ಮಾಡದೆ ಎಲ್ಲಕ್ಕೂ ಒಂದೇ ಬೀಗ ಹಾಕಿದರೆ ಕೆಲಸವೇ ಸಾಗಲ್ಲ.

ಕೀಲಿಕೈ:

ವಿಂಗಡಣೆಯ ಮಾತು ನೂರಕ್ಕೆ ನೂರು ಸರಿ. ಯಾವ ಕೆಲಸಕ್ಕೆ ಯಾವ ಮಟ್ಟದ ಹಿಡಿತ ಸಾಕು ಅಂತ ಹೇಳಬಲ್ಲವರು ತುಂಬಾ ಕಡಿಮೆ. ಅದೇ ದೊಡ್ಡ ಕೌಶಲ. ಯುರೋಪಿಯನ್ ಕಮಿಷನ್ 2025ರ ಅಕ್ಟೋಬರ್‌ನಲ್ಲಿ ತಂದ ಕ್ಲೌಡ್ ಸಾವರಿನ್ಟಿ ಚೌಕಟ್ಟು ಕೂಡ ಹಾಗೇ ಮಾಡಿದೆ. ಹೌದು ಅಥವಾ ಇಲ್ಲ ಅಂತ ಒಂದೇ ಉತ್ತರ ಕೇಳದೆ ಕಾನೂನು, ನಿರ್ವಹಣೆ, ಪೂರೈಕೆ ಸರಪಳಿ, ತಂತ್ರಜ್ಞಾನ ಹೀಗೆ ಎಂಟು ಕೋನದಿಂದ ಅಳೆಯುತ್ತದೆ. ಹೊಸಚಿಗುರು ಅವರು ಅದನ್ನು ಅಭ್ಯಾಸದ ಪ್ರಶ್ನೆಪತ್ರಿಕೆ ಹಾಗೆ ಬಳಸಬಹುದು. ತಮ್ಮ ಒಂದು ಸಿಸ್ಟಂ ತೆಗೆದುಕೊಂಡು ಎಂಟೂ ಕೋನದಿಂದ ಉತ್ತರ ಬರೆಯಲಿ.

ಒಂದು ಕ್ಲೌಡ್ ಆಳವಾಗಿ ಕಲಿಯಲಿ ಅನ್ನೋದಕ್ಕೂ ನನ್ನ ಒಪ್ಪಿಗೆ ಇದೆ. ಆದರೆ ಸಾವರಿನ್ ಅಂತ ಬೋರ್ಡ್ ಇರುವ ಸೇವೆಗೂ ಅದೇ ಮೂರು ಪ್ರಶ್ನೆ ಕೇಳಬೇಕು. ಅಪ್‌ಡೇಟ್ ಎಲ್ಲಿಂದ ಬರುತ್ತದೆ? ಬರೋದು ನಿಂತರೆ ಎಷ್ಟು ಕಾಲ ಓಡುತ್ತದೆ? ಸಹಾಯ ಕೇಳಿದಾಗ ಒಳಗೆ ಬರುವ ಎಂಜಿನಿಯರ್ ಎಲ್ಲಿಯವರು? ಉತ್ತರ ಚೆನ್ನಾಗಿದ್ದರೆ ಧಾರಾಳವಾಗಿ ಬಳಸಿ.

ಆಡಿಟ್‌ಮನೆ:

ಕಾನೂನು ಎಷ್ಟು ಗೊತ್ತಿರಬೇಕು ಅಂತ ಕೇಳಿದ್ದಿರಿ. ವಕೀಲರಾಗಬೇಕಿಲ್ಲ. ಕಾನೂನಿನ ಒಂದು ವಾಕ್ಯ ಓದಿ, ಇದಕ್ಕೆ ನಮ್ಮ ಸಿಸ್ಟಂನಲ್ಲಿ ಯಾವ ಸೆಟ್ಟಿಂಗ್ ಬೇಕು, ಅದು ಇದೆ ಅನ್ನೋದಕ್ಕೆ ಯಾವ ದಾಖಲೆ ತೋರಿಸ್ತೀವಿ ಅಂತ ಹೇಳೋಕೆ ಬರಬೇಕು. ಅಷ್ಟು ಸಾಕು, ಅಷ್ಟು ಬೇಕೇ ಬೇಕು.

ಉದಾಹರಣೆಗೆ ಯುರೋಪಿನ ಬ್ಯಾಂಕ್, ವಿಮೆ ಕ್ಷೇತ್ರಕ್ಕೆ 2025ರ ಜನವರಿ 17ರಿಂದ ಡೋರಾ ಅನ್ನೋ ಡಿಜಿಟಲ್ ಸ್ಥಿರತೆಯ ಕಾನೂನು ಜಾರಿಯಲ್ಲಿದೆ. ಮುಖ್ಯ ಕೆಲಸಗಳನ್ನು ಹೊರಗಿನ ಕಂಪನಿಗೆ ಕೊಟ್ಟಿದ್ದರೆ ಅಲ್ಲಿಂದ ಹೊರಬರುವ ಯೋಜನೆ ಇರಬೇಕು ಅಂತ ಅದು ಹೇಳುತ್ತದೆ. ಈ ಒಂದು ವಾಕ್ಯದ ಹಿಂದೆ ಎಂಜಿನಿಯರ್‌ಗೆ ಎಷ್ಟು ಕೆಲಸ ಇದೆ ನೋಡಿ: ಡೇಟಾ ಯಾವ ರೂಪದಲ್ಲಿ ಹೊರಗೆ ಬರುತ್ತದೆ, ಆ ಲಿಂಕ್‌ನಲ್ಲಿ ಎಷ್ಟು ದಿನ ಹಿಡಿಯುತ್ತದೆ, ಬೇರೆ ಕಡೆ ಅದನ್ನು ಓದುವ ಸಾಫ್ಟ್‌ವೇರ್ ಯಾವುದು, ಬಳಕೆದಾರರ ಗುರುತು ಮತ್ತು ಅನುಮತಿ ಜೊತೆಗೆ ಬರುತ್ತದಾ. ಯುರೋಪಿನ ಡೇಟಾ ಆಕ್ಟ್ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿದೆ. 2027ರ ಜನವರಿ 12ರಿಂದ ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ ಹೋಗುವವರ ಹತ್ತಿರ ಬದಲಾವಣೆಯ ಶುಲ್ಕ ವಸೂಲಿ ಮಾಡುವ ಹಾಗಿಲ್ಲ. ಹಾಗಾಗಿ ಹೊರಬರುವ ಕೆಲಸ ಗೊತ್ತಿರುವವರಿಗೆ ಬೇಡಿಕೆ ಬರುತ್ತದೆ ಅನ್ನೋದು ನನ್ನ ಅಂದಾಜು.

ಪ್ರತಿ ದೇಶದ್ದೂ ಬೇರೆ ಬೇರೆ. ಫ್ರಾನ್ಸಿನ ಸೆಕ್‌ನಮ್‌ಕ್ಲೌಡ್ ಅನ್ನೋ ಕ್ಲೌಡ್ ಭದ್ರತೆಯ ಮಾನ್ಯತೆ ಯುರೋಪಿನಾಚೆಯ ಕಾನೂನಿನಿಂದ ರಕ್ಷಣೆ ಇದೆಯಾ ಅಂತ ಕೇಳುತ್ತದೆ. ಜರ್ಮನಿಯ ಸಿ5 ಅನ್ನೋ ಮಾನದಂಡ ಭದ್ರತೆಯ ನಿಯಂತ್ರಣಗಳ ಬಗ್ಗೆ ಆಡಿಟರ್ ವರದಿ ಕೇಳುತ್ತದೆ. ನೀವು ಕೆಲಸ ಮಾಡುವ ಕ್ಷೇತ್ರದ ನಿಯಮ ಒಂದನ್ನು ಮೂಲದಲ್ಲೇ ಓದಿ. ಸಾರಾಂಶದ ಸ್ಲೈಡ್ ನೋಡಿ ಸುಮ್ನೆ ಬಿಡಬೇಡಿ.

ರೂಟ್‌ಕೆಲಸ:

ಅಭ್ಯಾಸ ಹೇಗೆ ಅನ್ನೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಹೇಳ್ತೀನಿ. ನನ್ನ ಪ್ರಕಾರ ಈ ವಿದ್ಯೆ ಕಲಿಯೋದು ಕಟ್ಟೋದರಿಂದ ಅಲ್ಲ, ಕತ್ತರಿಸೋದರಿಂದ.

ಒಂದು ಹಳೆಯ ಕಂಪ್ಯೂಟರ್ ಸಾಕು, 32 ಜಿಬಿ ಮೆಮೊರಿ ಇದ್ದರೆ ಆರಾಮ. ವಿಎಂ ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿ. ಅದರೊಳಗೆ ಎರಡು ನೆಟ್‌ವರ್ಕ್ ಮಾಡಿ. ಒಂದು ನಮ್ಮ ಡೇಟಾ ಸೆಂಟರ್ ಅಂದುಕೊಳ್ಳಿ, ಇನ್ನೊಂದು ಕ್ಲೌಡ್ ಅಂದುಕೊಳ್ಳಿ. ನಡುವೆ ಲಿನಕ್ಸ್ ರೂಟರ್ ಇಟ್ಟು ಟನಲ್ ಹಾಕಿ. ಎರಡೂ ಕಡೆ ಕೆ3ಎಸ್ (ಕಂಟೇನರ್ ನಡೆಸುವ ಕುಬರ್ನೆಟೀಸ್‌ನ ಚಿಕ್ಕ ರೂಪ) ಕ್ಲಸ್ಟರ್. ಲಾಗಿನ್‌ಗೆ ಕೀಕ್ಲೋಕ್, ಪಾಸ್‌ವರ್ಡ್, ಕೀಯಂಥ ಗುಟ್ಟುಗಳಿಗೆ ಓಪನ್‌ಬಾವ್, ಕಂಟೇನರ್ ಇಮೇಜ್‌ಗಳನ್ನು ಇಡುವ ರಿಜಿಸ್ಟ್ರಿಗೆ ಹಾರ್ಬರ್. ಎಲ್ಲವೂ ತೆರೆದ ಸಾಫ್ಟ್‌ವೇರ್. ಒಂದು ಚಿಕ್ಕ ಅಪ್ಲಿಕೇಶನ್, ಒಂದು ಡೇಟಾಬೇಸ್ ಓಡಿಸಿ.

ಈಗ ಇಂಟರ್ನೆಟ್ ಕತ್ತರಿಸಿ. ಏನು ನಿಲ್ಲುತ್ತದೆ ನೋಡಿ. ಹೆಚ್ಚಿನ ಪಾಲು ತಕ್ಷಣ ಏನೂ ಆಗಲ್ಲ. ಅಲ್ಲೇ ಮೋಸ ಹೋಗೋದು. ಒಂದೊಂದೇ ಪಾಡ್ (ಕಂಟೇನರ್ ಓಡುವ ಘಟಕ) ಮರುಶುರು ಮಾಡಿ. ಒಂದು ನೋಡ್, ಅಂದರೆ ಕ್ಲಸ್ಟರ್‌ನ ಒಂದು ಯಂತ್ರ, ಆಫ್ ಮಾಡಿ ಮತ್ತೆ ಆನ್ ಮಾಡಿ. ಹೊಸ ಬಳಕೆದಾರನಾಗಿ ಲಾಗಿನ್ ಆಗಿ. ಆಗ ಒಳಗಿನ ಅವಲಂಬನೆಗಳು ಒಂದೊಂದಾಗಿ ಹೊರಗೆ ಬರುತ್ತವೆ. ಯಾವುದೋ ಹೆಲ್ಮ್ ಚಾರ್ಟ್ (ಅಪ್ಲಿಕೇಶನ್ ಹಾಕುವ ಸಿದ್ಧ ಕಡತಗಳ ಕಟ್ಟು) ಒಳಗೆ ಹೊರಗಿನ ರಿಜಿಸ್ಟ್ರಿಯ ವಿಳಾಸ ಇರುತ್ತದೆ. ಗಡಿಯಾರ ಸರಿ ಮಾಡೋಕೆ ಹೊರಗಿನ ಎನ್‌ಟಿಪಿ ಸರ್ವರ್ ಬೇಕಿರುತ್ತದೆ. ಕರ್ಬರೋಸ್ ಅನ್ನೋ ಲಾಗಿನ್ ಪದ್ಧತಿ ಇದ್ದಲ್ಲಿ ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ಆಚೀಚೆ ಆದರೆ ಸಾಮಾನ್ಯವಾಗಿ ಲಾಗಿನ್ನೇ ಆಗಲ್ಲ. ಸರ್ಟಿಫಿಕೇಟ್ ರದ್ದಾಗಿದೆಯಾ ಅಂತ ಕೇಳೋಕೆ ಯಾವುದೋ ಲೈಬ್ರರಿ ಹೊರಗಿನ ವಿಳಾಸಕ್ಕೆ ಹೋಗಿ ಕಾಯುತ್ತಾ ಕೂರುತ್ತದೆ. ಇವನ್ನೆಲ್ಲ ಪಟ್ಟಿ ಮಾಡಿ. ಆ ಪಟ್ಟಿಯೇ ನಿಮ್ಮ ಸಿಸ್ಟಂನ ನಿಜವಾದ ನಕ್ಷೆ.

ದೊಡ್ಡವರಲ್ಲೂ ಇದೇ ಕಥೆ. 2025ರ ಅಕ್ಟೋಬರ್ 20ರಂದು ಎಡಬ್ಲ್ಯೂಎಸ್‌ನ ಉತ್ತರ ವರ್ಜೀನಿಯಾ ರೀಜನ್‌ನಲ್ಲಿ ಡೈನಮೋಡಿಬಿ ಅನ್ನೋ ಡೇಟಾಬೇಸ್ ಸೇವೆಯ ಡಿಎನ್‌ಎಸ್ ದಾಖಲೆ ಖಾಲಿಯಾಯಿತು. ಆ ರೀಜನ್ ಮೇಲೆ ಒರಗಿದ್ದ ಜಾಗತಿಕ ಸೇವೆಗಳಿಗೂ ತೊಂದರೆ ತಟ್ಟಿತು. ಡೇಟಾ ಒಂದು ಕಡೆ, ಅದನ್ನು ನಿಯಂತ್ರಿಸುವ ಭಾಗ ಇನ್ನೊಂದು ಕಡೆ ಇದ್ದರೆ ಹೀಗಾಗುತ್ತದೆ.

ಇಂಟರ್ನೆಟ್ ಆದ ಮೇಲೆ ನಡುವಿನ ಟನಲ್ ಕತ್ತರಿಸಿ. ಎರಡು ಕಡೆಗೂ ಚಾಚಿದ ಒಂದೇ ಕ್ಲಸ್ಟರ್ ಮಾಡೋ ಆಸೆ ಎಲ್ಲರಿಗೂ ಬರುತ್ತದೆ. ಮಾಡಿ ನೋಡಿ, ಯಾಕೆ ಬೇಡ ಅಂತ ಗೊತ್ತಾಗುತ್ತದೆ. ಕ್ಲಸ್ಟರ್‌ನ ಸ್ಥಿತಿ ಬರೆದಿಡುವ ಇಟಿಸಿಡಿಗೆ ತನ್ನ ಸದಸ್ಯರ ಬಹುಮತ ಬೇಕು. ಮೂರು ಸದಸ್ಯರಲ್ಲಿ ಎರಡು ಒಂದು ಕಡೆ, ಒಂದು ಇನ್ನೊಂದು ಕಡೆ ಇದ್ದರೆ, ಒಂಟಿಯಾದ ಕಡೆ ಯಾವ ಬದಲಾವಣೆಯೂ ಆಗಲ್ಲ. ಎರಡು ಇದ್ದ ಕಡೆಯೇ ಬಿದ್ದರೆ ಕ್ಲಸ್ಟರ್ ನಿಂತ ಹಾಗೆ. ಮೂರನೆಯ ಜಾಗ ಬೇಕು. ಅದರ ಮೇಲೆ ದೂರದ ತಡ ಬೇರೆ. ಇಟಿಸಿಡಿಯ ಹೃದಯಬಡಿತ ತಾನಾಗಿ 100 ಮಿಲಿಸೆಕೆಂಡ್‌ಗೆ, ಚುನಾವಣೆಯ ಕಾಯುವಿಕೆ 1000 ಮಿಲಿಸೆಕೆಂಡ್‌ಗೆ ಇರುತ್ತದೆ. ಲಿಂಕ್ ತಡವರಿಸಿದಾಗೆಲ್ಲ ಹೊಸ ನಾಯಕನ ಆಯ್ಕೆ ನಡೆಯುತ್ತದೆ. ಲಿನಕ್ಸ್‌ನ ಟಿಸಿ ಆಜ್ಞೆಯಿಂದ ಬೇಕಂತಲೇ ತಡ ಸೇರಿಸಿ ಇದನ್ನು ಕಣ್ಣಾರೆ ನೋಡಬಹುದು. ಎರಡು ಕಡೆ ಎರಡು ಬೇರೆ ಕ್ಲಸ್ಟರ್, ಮೇಲೆ ಗಿಟ್‌ನಿಂದ ಒಂದೇ ಸಂರಚನೆ ಕಳಿಸೋದು ಎಷ್ಟೋ ನೆಮ್ಮದಿ.

ಹೊಸಚಿಗುರು:

ರೂಟ್‌ಕೆಲಸ ಸರ್, ಇದನ್ನೇ ನಾನು ಹುಡುಕುತ್ತಿದ್ದದ್ದು. ಇವತ್ತೇ ಶುರು ಮಾಡ್ತೀನಿ. ಓಪನ್‌ಬಾವ್ ಯಾಕೆ? ಎಲ್ಲ ಕಡೆ ವಾಲ್ಟ್ ಅಂತಲೇ ಕೇಳಿದ್ದೆ.

ರೂಟ್‌ಕೆಲಸ:

ಲೈಸೆನ್ಸ್ ಕಾರಣ. ವಾಲ್ಟ್ ತಯಾರಿಸುವ ಹಾಶಿಕಾರ್ಪ್ ಕಂಪನಿ 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್, ವಾಲ್ಟ್ ಮುಂತಾದವುಗಳ ತೆರೆದ ಲೈಸೆನ್ಸ್ ಬದಲಿಸಿತು. ಅದಾದ ಮೇಲೆ ಸಮುದಾಯದವರು ಟೆರಾಫಾರ್ಮ್‌ನಿಂದ ಓಪನ್‌ಟೋಫು, ವಾಲ್ಟ್‌ನಿಂದ ಓಪನ್‌ಬಾವ್ ಕವಲೊಡೆಸಿದರು. ನಿಮಗೆ ಹತ್ತಿರದ ಉದಾಹರಣೆ ವಿಎಂವೇರ್. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡಿತು. ಒಮ್ಮೆ ಕೊಂಡರೆ ಶಾಶ್ವತ ಅನ್ನುವ ಲೈಸೆನ್ಸ್ ಮಾರಾಟ ನಿಂತಿತು, ಚಂದಾ ಪದ್ಧತಿ ಬಂತು. ಡೇಟಾ, ಕಟ್ಟಡ, ಜನ ಯಾವುದೂ ಕದಲಲಿಲ್ಲ. ಆದರೂ ಎಷ್ಟೋ ಸಂಸ್ಥೆಗಳು ಬೇರೆ ದಾರಿ ಹುಡುಕಬೇಕಾಯಿತು. ಸಾವರಿನ್ ವಿಚಾರದಲ್ಲಿ ಲೈಸೆನ್ಸ್ ಕೂಡ ಒಂದು ಅವಲಂಬನೆ ಅನ್ನೋದು ಅಲ್ಲಿ ಕಾಣುತ್ತದೆ.

ನಿಮಗೆ ವಿಎಂವೇರ್ ಗೊತ್ತಿರೋದು ಈಗ ದೊಡ್ಡ ಬಲ. ಅಲ್ಲಿನ ವಿಎಂಗಳನ್ನು ಓಪನ್‌ಸ್ಟ್ಯಾಕ್, ಪ್ರಾಕ್ಸ್‌ಮಾಕ್ಸ್, ಕ್ಯೂಬ್‌ವರ್ಟ್ ಅಂಥ ತೆರೆದ ಸಾಫ್ಟ್‌ವೇರ್ ಕಡೆಗೆ ಸಾಗಿಸೋಕೆ ಎರಡೂ ಕಡೆ ಗೊತ್ತಿರುವವರು ಬೇಕು. ಓಪನ್‌ಸ್ಟ್ಯಾಕ್ ಕಲಿಯೋಕೆ ಹೆದರಬೇಡಿ. 2010ರಲ್ಲಿ ನಾಸಾ ಮತ್ತು ರ್‍ಯಾಕ್‌ಸ್ಪೇಸ್ ಶುರು ಮಾಡಿದ್ದು, ಹಳೆಯದು ಅನ್ನುತ್ತಾರೆ. ಆದರೆ ಕ್ಲೌಡ್‌ನ ಒಳಗೆ ಏನೇನು ಇರುತ್ತದೆ ಅಂತ ಬಿಡಿಸಿ ನೋಡೋಕೆ ಅದಕ್ಕಿಂತ ಒಳ್ಳೆಯದು ಇನ್ನೊಂದು ನನಗೆ ಕಂಡಿಲ್ಲ.

ಪ್ಯಾಕೆಟ್‌ದಾರಿ:

ಸರ್ಟಿಫಿಕೇಟ್ ಪ್ರಶ್ನೆ ಹಾಗೇ ಉಳಿದಿದೆ. ಕೈಯಿಂದ ಮಾಡಿ ತೋರಿಸುವ ಪರೀಕ್ಷೆಗಳನ್ನು ಆರಿಸಿ. ಕುಬರ್ನೆಟೀಸ್‌ನ ಸಿಕೆಎ 2 ಗಂಟೆ, ಟರ್ಮಿನಲ್ ಮುಂದೆ ಕೂತು ಮಾಡಬೇಕು. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಕೂಡ ಹಾಗೇ. ಈ ಎರಡು ಇದ್ದರೆ ಸಂದರ್ಶನದ ಬಾಗಿಲು ತೆರೆಯುತ್ತದೆ. ಒಳಗೆ ಹೋದ ಮೇಲೆ ನಾನು ಕೇಳೋದು ಬೇರೆ: ನಿನ್ನ ಲ್ಯಾಬ್‌ನಲ್ಲಿ ಏನು ಮುರಿಯಿತು, ಹೇಗೆ ಪತ್ತೆ ಮಾಡಿದೆ, ಎಲ್ಲಿ ಬರೆದಿಟ್ಟಿದ್ದೀಯ? ಸಾವರಿನ್ ಅಂತ ಹೆಸರಿರುವ ಕಂಪನಿ ಕೋರ್ಸ್‌ಗಳನ್ನು ಆಮೇಲೆ, ಆ ಪ್ರಾಡಕ್ಟ್ ಕೆಲಸದಲ್ಲಿ ಬಂದಾಗ ಮಾಡಿ.

ಹೊಸಚಿಗುರು:

ಮತ್ತೆ ಬಂದೆ. ಮೊದಲು ಒಳ್ಳೆ ಸುದ್ದಿ: ಆಫೀಸಿನ ಹಳೆಯ ಟಿಕೆಟ್ ಎಂಟಿಯು ಸಮಸ್ಯೆಯೇ ಆಗಿತ್ತು. ಎಂಎಸ್‌ಎಸ್ ಸರಿ ಮಾಡಿದ ಮೇಲೆ ಬ್ಯಾಕಪ್ ಕಾಪಿ ನಿಲ್ಲದೆ ಹೋಗುತ್ತಿದೆ.

ಲ್ಯಾಬ್ ಕಟ್ಟಿ ಇಂಟರ್ನೆಟ್ ಕತ್ತರಿಸಿದೆ. ಹೇಳಿದ ಹಾಗೇ ಮೊದಲು ಏನೂ ಆಗಲಿಲ್ಲ. ಪಾಡ್ ಮರುಶುರು ಮಾಡಿದಾಗ ಕೆಲವು ಮೇಲೇಳಲೇ ಇಲ್ಲ. ಇಮೇಜ್ ಅದೇ ನೋಡ್‌ನಲ್ಲಿ ಇತ್ತು, ಆದರೂ ಇಮೇಜ್ ಎಳೆಯೋಕೆ ಆಗಲಿಲ್ಲ ಅಂತ ತಪ್ಪು ತೋರಿಸಿತು. ಯಾಕೆ? ಇನ್ನೊಂದು, ಕ್ಲಸ್ಟರ್ ಲಾಗಿನ್‌ಗೆ ಆ ಕಡೆಯ ಕೀಕ್ಲೋಕ್ ಕೊಟ್ಟಿದ್ದೆ. ಟನಲ್ ಕತ್ತರಿಸಿದ ಮೇಲೆ ಟೋಕನ್ ಅವಧಿ ಮುಗಿದು, ಈ ಕಡೆಯ ಕ್ಲಸ್ಟರ್‌ಗೆ ನನಗೇ ಒಳಗೆ ಹೋಗೋಕೆ ಆಗಲಿಲ್ಲ.

ರೂಟ್‌ಕೆಲಸ:

ಭೇಷ್. ಇಮೇಜ್ ಟ್ಯಾಗ್ (ಆವೃತ್ತಿಯ ಹೆಸರು) ಲೇಟೆಸ್ಟ್ ಅಂತ ಇದ್ದರೆ ಅಥವಾ ಟ್ಯಾಗ್ ಕೊಡದೇ ಇದ್ದರೆ ಎಳೆಯುವ ನಿಯಮ ತಾನಾಗಿ 'ಆಲ್ವೇಸ್' ಆಗುತ್ತದೆ. ಆಗ ಪ್ರತಿ ಸಲ ರಿಜಿಸ್ಟ್ರಿಯನ್ನು ಕೇಳಲೇಬೇಕು, ಇಮೇಜ್ ಪಕ್ಕದಲ್ಲೇ ಇದ್ದರೂ. ಒಳಗಿನ ಹಾರ್ಬರ್‌ಗೆ ಎಲ್ಲ ಇಮೇಜ್ ತಂದಿಟ್ಟು, ಡೈಜೆಸ್ಟ್ (ಇಮೇಜ್‌ನ ಬದಲಾಗದ ಗುರುತು) ಹಾಕಿ ಕರೆಯಿರಿ. ಯಾವ ಇಮೇಜ್ ಓಡುತ್ತಿದೆ ಅನ್ನೋದೂ ಆಗ ಖಚಿತ.

ಲಾಗಿನ್‌ಗೆ, ಪ್ರತಿ ಕ್ಲಸ್ಟರ್‌ಗೂ ತುರ್ತಿಗೆ ಅಂತ ಸರ್ಟಿಫಿಕೇಟ್ ಇರುವ ಸ್ಥಳೀಯ ಅಡ್ಮಿನ್ ಕಡತ ಇಡಿ. ಮುಚ್ಚಿಟ್ಟು, ಬಳಸಿದರೆ ಎಚ್ಚರಿಕೆ ಹೋಗುವ ಹಾಗೆ ಮಾಡಿ. ಅದರ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಮುಗಿಯುವ ದಿನಾಂಕ ಕ್ಯಾಲೆಂಡರ್‌ನಲ್ಲಿ ಇರಲಿ.

ಕೀಲಿಕೈ:

ತುಂಬಾ ಖುಷಿಯಾಯಿತು. ಮುಂದೆ ಕೀ ಕತ್ತರಿಸಿ. ಅಪ್ಲಿಕೇಶನ್ ಓಡುತ್ತಿರುವಾಗಲೇ ಓಪನ್‌ಬಾವ್ ಸೀಲ್ ಮಾಡಿ, ಅಂದರೆ ಬೀಗ ಹಾಕಿ. ಆಗಲೇ ಗುಟ್ಟು ಓದಿಕೊಂಡ ಪ್ರೋಗ್ರಾಂ ಸ್ವಲ್ಪ ಹೊತ್ತು ಓಡುತ್ತದೆ. ಡೇಟಾಬೇಸ್ ಪಾಸ್‌ವರ್ಡ್‌ನ ಅವಧಿ ಮುಗಿದಾಗಲೋ ಪಾಡ್ ಮರುಶುರುವಾದಾಗಲೋ ನಿಲ್ಲುತ್ತದೆ. ಆ ನಡುವಿನ ಸಮಯ ಅಳೆಯಿರಿ. ಕೀ ಸರ್ವರ್ ಬಿದ್ದರೆ ಸರಿಪಡಿಸೋಕೆ ನಿಮಗಿರುವ ಕಾಲ ಅಷ್ಟೇ.

ಮತ್ತೆ ತೆರೆಯುವಾಗ, ಬೀಗ ತೆಗೆಯುವ ಕೀ ತುಂಡುಗಳ ಸಂಖ್ಯೆಯನ್ನು ಮೊದಲಿದ್ದ ಹಾಗೇ ಬಿಟ್ಟಿದ್ದರೆ 5 ಇರುತ್ತವೆ, ತೆರೆಯೋಕೆ 3 ಸೇರಬೇಕು. ಲ್ಯಾಬ್‌ನಲ್ಲಿ ಐದೂ ನಿಮ್ಮ ಹತ್ತಿರವೇ ಇರುತ್ತವೆ, ಅಡ್ಡಿಯಿಲ್ಲ. ಆದರೆ ಆಫೀಸಿನಲ್ಲಿ ಆ ಐವರು ಯಾರು, ಒಬ್ಬರು ಕೆಲಸ ಬಿಟ್ಟರೆ ತುಂಡು ಬದಲಿಸುವ ವಿಧಾನ ಏನು, ರಾತ್ರಿ ಮೂವರನ್ನು ಎಷ್ಟು ಬೇಗ ಸೇರಿಸಬಹುದು ಅಂತ ಒಂದು ಪುಟ ಬರೆದು ಇಲ್ಲಿ ಹಾಕಿ. ನಾವೆಲ್ಲ ಓದಿ ಹೇಳ್ತೀವಿ.

ಹೊಸಚಿಗುರು:

ಆಗಲಿ. ಈ ಶನಿವಾರ ಸೀಲ್ ಮಾಡ್ತೀನಿ. ಪುಟ ಬರೆದು ಇದೇ ಚರ್ಚೆಯಲ್ಲಿ ಹಾಕ್ತೀನಿ.